ಕೆಸರಿಗೊಂದು ಕಾಲು

ಮೇಸ್ತ್ರಿ ಸತ್ತ ಹನ್ನೊಂದನೆಯ ದಿನ ದಾವಣಗೆರೆಯ ಸೇವಾ ಸಂಘದವರು ಸಂತಾಪ ಸಭೆ ಇಟ್ಟುಕೊಂಡಿದ್ದರು. ಸಂಘದ ಕಾರ್ಯದರ್ಶಿಗಳು ಮಾತಿನ ನಡುವೆ ಅತ್ತರು. ನಾನು ಮುಂದಿನ ಸಾಲಿನಲ್ಲೇ ಕೂತು ನೋಡಿದೆ. ಎಡಗಣ್ಣಿನಿಂದ ಮಾತ್ರ ಅತ್ತರು. ಫೋಟೋದವನು ಎಡಗಡೆ ನಿಂತಿದ್ದ. ಆ ಒಂದು ಕಣ್ಣನ್ನು ಒರೆಸಿಕೊಂಡು ಕೆಳಗಿಳಿದು ಬಂದವರೇ ನನ್ನ ಕಿವಿಯ ಹತ್ತಿರ ಬಗ್ಗಿ, "ತಮ್ಮಾ, ನೀನು ಮೇಸ್ತ್ರಿ ದನಿ ಚಲೋ ತೆಗೀತೀಯಲ್ಲ. ಎರಡು ಮಾತು ಅವರ ದನಿಯಾಗೇ ಆಡಿಬಿಡು. ಜನಕ್ಕೆ ಕಣ್ಣಿಗೆ ಕಟ್ಟಿದಂಗ ಆಗ್ತೈತೆ" ಎಂದರು.

"ಹೊಟ್ಟೆ ತೊಳಸ್ತಾ ಐತ್ರಿ" ಎಂದು ಎದ್ದು ಬಂದೆ. ಅದು ನೆಪವಲ್ಲ. ಆ ಮನುಷ್ಯರು ಹಚ್ಚಿಕೊಳ್ಳುವ ಅತ್ತರಿನ ವಾಸನೆ ಹತ್ತಿರ ಬಂದರೆ ನನಗೆ ಹಿಂದೊಂದು ದಿನ ತಿಂದ ಉಪ್ಪಿಟ್ಟು ನೆನಪಾಗಿ ನಿಜವಾಗಿಯೂ ವಾಕರಿಕೆ ಬರುತ್ತದೆ.

ಮೇಸ್ತ್ರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಸಂಘದವರು ಅದನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ, ಕೆಳಗೆ ತಮ್ಮ ಹೆಸರುಗಳನ್ನು ಅದಕ್ಕಿಂತ ದೊಡ್ಡದಾಗಿ ಕೆತ್ತಿಸಿಬಿಡುತ್ತಾರೆ. ಬದುಕಿದ್ದಾಗ ಆತನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ನಮ್ಮ ಹತ್ತಿ ಗಿರಣಿಯಲ್ಲಿ ಬೆಲ್ಟ್ ಮೇಸ್ತ್ರಿ, ಅಷ್ಟೆ. ಮಗ್ಗಗಳನ್ನು ತಿರುಗಿಸುವ ಚರ್ಮದ ಬೆಲ್ಟು ಹರಿದರೆ ಹೊಲಿಯುವುದು, ಸಡಿಲಾದರೆ ಬಿಗಿಯುವುದು ಆತನ ಕೆಲಸ. ನಾನು ಅದೇ ಗಿರಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಬಂದರೆಂದು ಬರೆಯುವುದು ಸಂಬಳದ ಕೆಲಸ. ಅವರು ಹೇಗೆ ಬಂದರೆಂದು ಮಾಡಿ ತೋರಿಸುವುದು ಖುಷಿಯ ಕೆಲಸ. ಮ್ಯಾನೇಜರು ಹೊಟ್ಟೆ ಮುಂದೆ ಕಳಿಸಿ ತಾವು ಹಿಂದೆ ಬರುವುದು, ವಾಚ್‌ಮನ್ನು ನಿದ್ದೆಯಲ್ಲೇ ಸಲಾಮು ಹೊಡೆಯುವುದು, ಎಲ್ಲ ನನ್ನ ಬಳಿ ಇತ್ತು. ಕೂಲಿ ಒಂದು ಪೊಟ್ಟಣ ಖಾರ ಮಂಡಕ್ಕಿ, ಎರಡು ಮಿರ್ಚಿ. ನನ್ನ ನಡಿಗೆಯನ್ನು ನಾನೇ ಅಣಕಿಸಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದರಲ್ಲಿ ಅಣಕಿಸುವಂಥದ್ದು ಏನೂ ಇಲ್ಲವೆಂದು ನಾನು ತಿಳಿದಿದ್ದೆ. ಅಲ್ಲಿ ಏನೂ ಇಲ್ಲವೆಂದು ಅವರು ತಿಳಿದಿದ್ದರು.

ಮೇಸ್ತ್ರಿಯ ಪರಿಚಯವಾದದ್ದೂ ಹಾಗೇ. ಒಂದು ಮಧ್ಯಾಹ್ನ ಕ್ಯಾಂಟೀನಿನ ಮುಂದೆ, ಹತ್ತಿ ಅಂಡಿಗೆ ಹೊರುವ ಕುಂಟನೊಬ್ಬನ ನಡಿಗೆ ಮಾಡಿ ತೋರಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಈತ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ರಟ್ಟೆ ಹಿಡಿದ. ಹೊಡೆಯುತ್ತಾನೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಇನ್ನೊಂದ್ಸಾರಿ ನಡಿ" ಎಂದ.

"ಯಾಕ್ರಿ?"

"ಅವನ ಕಾಲು ತಿರುಗೋದು ಮಂಡಿಯಿಂದ್ಲೋ ಸೊಂಟದಿಂದ್ಲೋ ನಂಗೆ ಹದಿನೈದು ದಿನದಿಂದ ಗೊತ್ತಾಗ್ವಲ್ದು. ನೀನು ಸೊಂಟದಿಂದ ತಿರುಗಿಸಿದಿ. ಹೌದಾ? ನಡಿಯಲೇ, ನಿಧಾನ ನಡಿ."

ನಡೆದೆ. ನಾಲ್ಕು ಸಲ ನಡೆಸಿದ. ನಗುತ್ತಿದ್ದವರು ಬೇಸರವಾಗಿ ಹೊರಟುಹೋದರು. ಮರುವಾರ ಆ ಅಂಡಿಗೆಯವನ ಚಪ್ಪಲಿಗೆ ಹೊರಗಡೆಯಿಂದ ಎರಡು ಬೆರಳು ಎತ್ತರದ ಚರ್ಮದ ಅಟ್ಟೆ ಬಂದಿತ್ತು. ಅವನು ಅರ್ಧ ನೆಟ್ಟಗಾಗಿದ್ದ. ನನ್ನದೊಂದು ಒಳ್ಳೆಯ ಪಾತ್ರ ಅಲ್ಲಿಗೆ ಹಾಳಾಯಿತು.

ಅಂದಿನಿಂದ ನಾನು ಆತನ ಅಳತೆಗೋಲಾದೆ. ಆತ ಶಾಮನೂರಿನವನು. ಹಿತ್ತಿಲಲ್ಲಿ ತಗಡಿನ ಚಪ್ಪರ. ಅದರಡಿ ಗಿರಣಿಯ ಗುಜರಿಯಿಂದ ತಂದ ಮುರಿದ ಮಗ್ಗದ ಕೋಲು, ಹರಿದ ಬೆಲ್ಟು, ಲಾರಿ ಟೈರಿನ ಚೂರು. ಮೊದಲ ಪಾಳಿ ಮುಗಿಸಿ ಬಂದು ಅಲ್ಲಿ ಮರಗಾಲು, ಊರುಗೋಲು, ಸೊಟ್ಟಗಾಲಿನ ಮಕ್ಕಳಿಗೆ ಪಟ್ಟಿ, ಇವನ್ನೆಲ್ಲ ಮಾಡುತ್ತಿದ್ದ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಅಲ್ಲೊಂದು ಬಾಡಿಗೆ ಸೈಕಲ್ ಹಿಡಿದು ಹಳ್ಳಿಗಳ ಕಡೆ ಹೊರಡುತ್ತಿದ್ದೆವು. ತುಳಿಯುವವನು ನಾನು. ಹಿಂದೆ ಕೂರುವವನು ಆತ, ಸಂತೆಗೆ ಮೂಲಂಗಿ ಒಯ್ಯುವವರ ಹಾಗೆ ಕಾಲುಗಳ ಕಟ್ಟನ್ನು ತಬ್ಬಿಕೊಂಡು. ಹಳ್ಳಿಯಲ್ಲಿ ಕಾಲಿಲ್ಲದವರು ನಡೆಯುವುದನ್ನು, ತೆವಳುವುದನ್ನು, ಕೂರುವುದನ್ನು ನಾನು ನೋಡಬೇಕು. ಚಪ್ಪರಕ್ಕೆ ಬಂದಮೇಲೆ ಅವರಂತೆಯೇ ಮಾಡಿ ತೋರಿಸಬೇಕು. ಆತ ಬೀಡಿ ಕಚ್ಚಿಕೊಂಡು ನನ್ನ ಸುತ್ತ ಸುತ್ತುತ್ತ, "ಇಲ್ಲಿ ಭಾರ ಬೀಳ್ತೈತೆ... ಇಲ್ಲಿ ಕಚ್ತೈತೆ" ಎಂದು ಸೀಮೆಸುಣ್ಣದಿಂದ ನನ್ನ ತೊಡೆಯ ಮೇಲೆ ಗೀಟು ಹಾಕುತ್ತಿದ್ದ. ನನ್ನ ಪಾಯಿಜಾಮ ನೋಡಿ ಅವ್ವ, "ಯಾವ ಸಾಲಿ ಮಾಸ್ತರ ಕೂಡ ಕುಸ್ತಿ ಆಡಿದಿಲೇ?" ಎನ್ನುತ್ತಿದ್ದಳು.

ಇಷ್ಟು ಓದಿದವರು ಈತನೊಬ್ಬ ಸಂತನೆಂದು ತಿಳಿದಾರು. ಹತ್ತಿರ ಕೂತವರಿಗೆ ಆ ಭ್ರಮೆ ಅರ್ಧ ಗಂಟೆ ಉಳಿಯುತ್ತಿರಲಿಲ್ಲ. ನಶ್ಯದ ಮೂಗು ಸದಾ ಸೋರುತ್ತಿತ್ತು; ಅದು ಬಿದ್ದ ಚರ್ಮ ಬೇಗ ಮೆತ್ತಗಾಗುತ್ತದೆಂದು ವಾದ ಬೇರೆ. ಚರ್ಮ ಚುಚ್ಚುವ ಅದೇ ದಬ್ಬಳದಿಂದ ಹಲ್ಲು ಕುಕ್ಕಿಕೊಳ್ಳುತ್ತಿದ್ದ. ಮೂರು ವರ್ಷದಲ್ಲಿ ನನಗೆ ಒಂದೇ ಒಂದು ಮಿರ್ಚಿ ಕೊಡಿಸಿದವನಲ್ಲ. ಮಾತೆಂದರೆ ಬೈಗುಳ, ಬೈಗುಳ ಇಲ್ಲದಿದ್ದರೆ ಥೂ ಎಂದು ಉಗುಳು. ಉಗುಳಿನಲ್ಲಿ ಒಪ್ಪಿಗೆಯ ಉಗುಳು ಬೇರೆ, ಅಸಹ್ಯದ ಉಗುಳು ಬೇರೆ. ಎರಡನ್ನೂ ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಆದರೆ ಕಾಲು ಕೇಳಿಕೊಂಡು ಬಂದವರನ್ನು ಆತ 'ಕಾಲು ಹೆಂಗೆ ಹೋತು?' ಎಂದು ಒಂದು ದಿನವೂ ಕೇಳಿದ್ದನ್ನು ನಾನು ಕಾಣೆ. ಕೇಳುತ್ತಿದ್ದದ್ದು "ಏನು ಕೆಲಸ ಮಾಡ್ತಿ?" ಎಂದು. ಆಮೇಲೆ ಮನೆಯ ಹೊಸ್ತಿಲ ಎತ್ತರ, ಬಾವಿಯ ಮೆಟ್ಟಿಲು, ಒಲೆಯ ಮುಂದಿನ ಜಾಗ. ಒಬ್ಬ ಮುದುಕ ಬಂದು, ಕೆಲಸ ಏನೂ ಇಲ್ಲಪ್ಪ, ಮದುವೆ ಮನೆಯಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಗೋಡೆಗೆ ಒರಗಿಸಿ ಬೇರೆ ಹಾಕುತ್ತಾರೆ ಎಂದ. ಮೇಸ್ತ್ರಿ ಅವನಿಗೆ ಒಂದೇ ಕೊಂಡಿಯಲ್ಲಿ ಬಿಚ್ಚುವ ಕಾಲು ಮಾಡಿಕೊಟ್ಟು, "ಉಂಡು ಎದ್ದಾಗ ಮಂದಿದು ಹಾಕ್ಕೊಂಡು ಹೋಗೀಯ, ಜ್ವಾಕಿ" ಎಂದ. ಯಾರಾದರೂ ನೋಡಲು ಬಂದು 'ಪಾಪ' ಎಂದರೆ ಮುಗಿಯಿತು. "ಪಾಪ ಅನ್ನೋರು ಹೊರಗ ನಡ್ರಿ. ಚಪ್ಪರ ಸಣ್ಣದೈತೆ, ಅದಕ್ಕ ಜಾಗ ಇಲ್ಲ."

ಚಪ್ಪರದ ಕಂಬಕ್ಕೆ ಒಂದು ಹಳೆಯ ಮರಗಾಲು ನೇತುಹಾಕಿದ್ದ. ಆತ ಮಾಡಿದ ಮೊದಲನೆಯದು. ಅದು ಕಚ್ಚಿ ಹುಣ್ಣಾಗಿ, ಹುಣ್ಣು ಕೊಳೆತು, ಹಾಕಿಕೊಂಡವನ ತೊಡೆಯನ್ನೂ ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತಂತೆ. ಇದನ್ನೇಕೆ ಇಟ್ಟುಕೊಂಡಿರಿ ಎಂದು ಕೇಳಿದೆ. "ನಾನು ಭಾರಿ ಜಾಣ ಅಂತ ಅನ್ಸಿದಾಗ ನೋಡಾಕ" ಎಂದ. ಎಷ್ಟು ಸಲ ನೋಡಿದಿರಿ ಎಂದೆ. "ನೀನು ಬಂದ ಮ್ಯಾಲೆ ಹೆಚ್ಚಾಗೇತಿ. ನಿನ್ನ ಪಕ್ಕದಾಗ ಯಾರಿಗಾದ್ರೂ ಜಾಣ ಅನ್ಸೋದು ಸಹಜ" ಎಂದ.

ಇನ್ನು ಹೊನ್ನವ್ವ. ಹರಿಹರದಿಂದ ಮಲೇಬೆನ್ನೂರಿನ ಕಡೆ ಹೋಗುವ ದಾರಿಯಲ್ಲಿ ಅವಳ ಹಳ್ಳಿ. ಮೂವತ್ತರ ಹೆಂಗಸು, ಗಂಡ ಇಲ್ಲ, ಅಣ್ಣನ ಮನೆಯಲ್ಲಿದ್ದಳು. ಗಾಡಿಯ ಚಕ್ರ ಹರಿದು ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಮೇಸ್ತ್ರಿ ಮಾಡಿಕೊಟ್ಟಿದ್ದ ಒನಕೆಯಂಥ ಕೋಲುಗಾಲಿನಲ್ಲೇ ನಾಲ್ಕು ವರ್ಷ ಹತ್ತಿ ಹೊಲದಲ್ಲಿ, ಜೋಳದ ಹೊಲದಲ್ಲಿ ಕಳೆ ತೆಗೆದಿದ್ದಳು. ಅವಳ ಬಾಯಿ ಮೇಸ್ತ್ರಿಯ ಬಾಯಿಗೆ ಸರಿಜೋಡಿ.

ಆ ವರ್ಷ ಭದ್ರಾ ಕಾಲುವೆಯ ನೀರು ಅವರ ಊರಿಗೆ ಬಂತು. ಊರೆಲ್ಲ ಕಾಲುವೆಗೆ ಅರಿಶಿನ ಕುಂಕುಮ ಏರಿಸಿ ಕುಣಿಯಿತು. ಹೊನ್ನವ್ವ ಮಾತ್ರ ಕಟ್ಟೆಯ ಮೇಲೆ ಕೂತು ನಮಗಾಗಿ ಕಾಯುತ್ತಿದ್ದಳು.

"ಮೇಸ್ತ್ರಿ, ನಿನ್ನ ಕಾಲಿಗೆ ಬೆಂಕಿ ಹಚ್ಚು" ಎಂದಳು.

"ಯಾಕ ತಂಗಿ, ಏನಾತು?"

"ಹೊಲ ಎಲ್ಲ ಗದ್ದಿ ಆದ್ವು. ನೆಲ ಎಲ್ಲ ಕೆಸರು. ನಿನ್ನ ಕೋಲು ಇಟ್ಟಲ್ಲಿ ಗೂಟ ಬಡಿದಂಗ ಹೂತು ಹೋಗ್ತೈತೆ. ನಿನ್ನೆ ಇಬ್ರು ಹಿಡ್ಕಂಡು ಕಿತ್ರು ನನ್ನ, ಮೂಲಂಗಿ ಕಿತ್ತಂಗ. ನಮ್ಮ ಅತ್ತಿಗಿ ಈಗ್ಲೇ ಅಂತಾಳ, ಕುಂತು ಉಣ್ಣೋರಿಗೆ ಒಂದ್ಹೊತ್ತು ಸಾಕು ಅಂತ."

ನಾಟಿಗೆ ಹೆಂಗಸರು ಗುಂಪಾಗಿ ಹೋಗುತ್ತಾರೆ. ಹತ್ತು ಜನ ಸಾಲು ಹಿಡಿದರೆ ಹತ್ತೂ ಜನ ಒಂದೇ ಸಮ ಹಿಂದೆ ಸರಿಯಬೇಕು. ಒಬ್ಬಳು ತಡೆದರೆ ಸಾಲು ಸೊಟ್ಟ. ಗುಂಪಿನ ಮುಂದಾಳು ರುದ್ರವ್ವ ಎನ್ನುವವಳು ಹೊನ್ನವ್ವನಿಗೆ ಖಡಾಖಂಡಿತ ಹೇಳಿದ್ದಳು: ನಾಟಿ ಶುರುವಾಗುವ ಸೋಮವಾರ ನಮ್ಮ ಸರಿಸಮ ಗದ್ದೆಗೆ ಇಳಿದರೆ ನೀನು ಗುಂಪಿನವಳು, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಇನ್ನೊಬ್ಬಳು. ಜಾಗ ಒಮ್ಮೆ ಹೋದರೆ ಆ ಊರಿನಲ್ಲಿ ಅವಳಿಗೆ ಬೇರೆ ಕೆಲಸ ಇರಲಿಲ್ಲ.

ಮೇಸ್ತ್ರಿ ಎದ್ದು ಸೈಕಲ್ಲಿನ ಹಿಂದೆ ಕೂತ. ಮರುದಿನ ಪಾಳಿ ಮುಗಿದ ಮೇಲೆ ನನ್ನನ್ನು ಊರಾಚೆಯ ಹೊಂಡಕ್ಕೆ ಕರೆದುಕೊಂಡು ಹೋಗಿ, "ಆ ಎಮ್ಮಿ ನೋಡು" ಎಂದ.

"ನೋಡಿದೆ."

"ಮಾಡಿ ತೋರ್ಸು."

ಮನುಷ್ಯರಾದವರನ್ನೆಲ್ಲ ಮಾಡಿದ್ದ ನಾನು ಅಂದು ಎಮ್ಮೆಯಾದೆ. ಕೆಸರಿನಲ್ಲಿ ಎರಡು ತಾಸು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಕೂತರು. ಒಬ್ಬಳು, "ಈ ಎಮ್ಮಿ ಎಷ್ಟು ಹಾಲು ಕೊಡ್ತೈತ್ರಿ ಮೇಸ್ತ್ರಿ?" ಎಂದಳು. "ಕೊಡಾಂಗಿಲ್ಲವ್ವಾ, ಬರೇ ಒದರ್ತೈತೆ" ಎಂದ ಈತ. ಕೊನೆಗೆ ಆತನಿಗೆ ಬೇಕಾದದ್ದು ಸಿಕ್ಕಿತು. ಎಮ್ಮೆಯ ಗೊರಸು ಎರಡು ಹೋಳು. ಕೆಸರಿನ ಮೇಲೆ ಭಾರ ಬಿದ್ದರೆ ಹೋಳು ಅಗಲವಾಗುತ್ತದೆ, ಹೂತುಹೋಗುವುದಿಲ್ಲ. ಎತ್ತುವಾಗ ಕೂಡಿಕೊಂಡು ಸಣ್ಣದಾಗುತ್ತದೆ, ಕೆಸರು ಹಿಡಿದೆಳೆಯುವುದಿಲ್ಲ. ಮೇಸ್ತ್ರಿ ಲಾರಿ ಟೈರಿನಿಂದ ಎರಡು ಹೋಳಿನ ಪಾದ ಕೊಯ್ದು ಮಗ್ಗದ ಕೋಲಿಗೆ ಹೊಲಿದ. ನನ್ನ ಎಡಗಾಲನ್ನು ಹಿಂದಕ್ಕೆ ಮಡಚಿ ಕಟ್ಟಿ, ಮಂಡಿಗೆ ಅದನ್ನು ಬಿಗಿದು, ಹೊಂಡದಲ್ಲಿ ಮೂರು ದಿನ ನಡೆಸಿದ. ಮೂರು ದಿನದಲ್ಲಿ ಹನ್ನೆರಡು ಸಲ ಬಿದ್ದೆ. ಹದಿಮೂರನೆಯ ಸಲ ಬೀಳಲಿಲ್ಲ. ಆತ ಉಗುಳಿದ. ಒಪ್ಪಿಗೆಯ ಉಗುಳು.

ಹೊನ್ನವ್ವನಿಗೆ ಅದನ್ನು ಕಟ್ಟಿದಾಗ ಗದ್ದೆಯೊಳಗೆ ಹತ್ತು ಹೆಜ್ಜೆ ಹಿಂದೆ, ಹತ್ತು ಮುಂದೆ ನಡೆದಳು. "ಎಮ್ಮಿ ಕಾಲು ಕೊಟ್ಟೀಯಲ್ಲೋ ಯಪ್ಪಾ" ಎಂದು ಬೈದು, ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಟಿಗೆ ಇನ್ನೂ ಎರಡು ವಾರ ಇತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನಿದ್ದೆನಲ್ಲ.

ಆ ದಿನಗಳಲ್ಲೇ ಸೇವಾ ಸಂಘದವರಿಗೆ ಹಳ್ಳಿಗಳ ನೆನಪಾಗಿತ್ತು. ಅಂಗಹೀನರ ಸೇವೆಯನ್ನು ಹಳ್ಳಿಹಳ್ಳಿಗೂ ವಿಸ್ತರಿಸುವ ಯೋಜನೆ, ದೂರದ ಪಟ್ಟಣದಿಂದ ತರಿಸಿದ ಕೃತಕ ಕಾಲುಗಳು, ಹರಿಹರದ ಒಂದು ಶಾಲೆಯ ಬಯಲಿನಲ್ಲಿ ಸಮಾರಂಭ, ಮಂತ್ರಿಗಳ ಕೈಯಿಂದ ವಿತರಣೆ. ಎಲ್ಲವೂ ಸಿದ್ಧ. ಒಂದೇ ಕೊರತೆ: ಕಾಲಿಲ್ಲದ ಹಳ್ಳಿಯವರು ಒಬ್ಬರೂ ಸಂಘದವರಿಗೆ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಮೇಸ್ತ್ರಿಯನ್ನು ಕೇಳಿದರು. ಆತ, "ಸ್ಟೇಜಿನ ಮ್ಯಾಲೆ ಕೊಟ್ಟ ಕಾಲು ಸ್ಟೇಜಿನ ಮ್ಯಾಲಷ್ಟೇ ನಡೀತೈತೆ, ಹೋಗ್ರಿ" ಎಂದುಬಿಟ್ಟ. ಆಮೇಲೆ ನನ್ನನ್ನು ಕೇಳಿದರು. "ತಮ್ಮಾ, ನಿನ್ನಂಥ ಕಲಾವಿದ ಟೈಮ್ ಆಫೀಸಿನಾಗ ಕೊಳೀಬಾರ್ದು. ಮಂತ್ರಿಗಳ ಮುಂದೆ ಹತ್ತು ನಿಮಿಷ ಮೈಕು ನಿಂದೇ" ಎಂದರು. ಮೈಕು! ನಾನು ನಾಲ್ಕು ಹೆಸರು ಬರೆದುಕೊಟ್ಟೆ, ಊರು, ಮನೆ, ದಾರಿ ಸಮೇತ. ಮೊದಲನೆಯದು ಹೊನ್ನವ್ವನದು, ಕೊನೆಯದು ಪಂಕ್ತಿಯ ಮುದುಕನದು. ಮೇಸ್ತ್ರಿಗೆ ಹೇಳಲಿಲ್ಲ.

ಸಮಾರಂಭದ ಭಾನುವಾರ ನಾಲ್ವರೂ ಎತ್ತಿನ ಗಾಡಿಯಲ್ಲಿ ಬಂದಿಳಿದರು. ಸೀರೆ, ಪಂಚೆ, ಹೊಸ ಕಾಲು ಎಂದು ಹೇಳಿ ಕಳಿಸಿದ್ದರು; ಯಾರು ಬರುವುದಿಲ್ಲ? ಇಳಿದವರು ಮೇಸ್ತ್ರಿಯ ಕಾಲುಗಳ ಮೇಲೆ ನಡೆದುಕೊಂಡೇ ಬಂದರು. ಕಾರ್ಯದರ್ಶಿಗಳ ಮುಖ ಬಾಡಿತು.

"ಏನಿದು? ಕಾಲು ಇದ್ದೋರಿಗೆ ಮಂತ್ರಿಗಳು ಕಾಲು ಕೊಡೋದು ಹೆಂಗೆ? ಬಿಚ್ಚಿಸ್ರಿ ಅವನ್ನ. ಆಮ್ಯಾಲೆ ಕೊಡೋಣಂತೆ."

"ಬಿಚ್ಚಿದ್ರೆ ಸ್ಟೇಜಿಗೆ ಹೆಂಗೆ ಬರ್ಲಿ?" ಎಂದಳು ಹೊನ್ನವ್ವ.

"ಹೆಂಗಾದ್ರೂ ಬಾರಮ್ಮ. ಜನ ನೋಡಿದ್ರೇ ಅಲ್ವಾ ಗೊತ್ತಾಗೋದು?"

ಬಿಚ್ಚಿಸಿದರು. ನಾಲ್ಕು ಕಾಲು, ಒಂದು ಜೊತೆ ಊರುಗೋಲು. ಯಾರೋ ಅವನ್ನು ಪೆಂಡಾಲಿನ ಹಿಂದೆ, ಅಡಿಗೆಯವರ ಪಕ್ಕ ಒಟ್ಟಿದರು. ನಾನು ನೋಡುತ್ತ ನಿಂತಿದ್ದೆ. ಮೈಕಿನ ಎತ್ತರ ಸರಿಯಿದೆಯೋ ಎಂಬ ಚಿಂತೆ ನನಗೆ.

ಹತ್ತು ನಿಮಿಷ ನನ್ನ ಆಟ ನಡೆಯಿತು. ಮೇಸ್ತ್ರಿಯನ್ನೇ ಮಾಡಿದೆ: ನಶ್ಯ, ಉಗುಳು, ಬೈಗುಳ. ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ವಿತರಣೆ. ಒಬ್ಬೊಬ್ಬರೂ ಮೆಟ್ಟಿಲ ಮೇಲೆ ಕುಂಡಿ ಎಳೆದುಕೊಂಡು, ಮೊಣಕೈ ಊರಿಕೊಂಡು ಹತ್ತಬೇಕು. ತಡವಾಗುತ್ತಿತ್ತು. ಕಾರ್ಯದರ್ಶಿಗಳು ನನಗೆ, "ಖಾಲಿ ಬಿಡಬ್ಯಾಡ, ಏನಾರ ಮಾಡು" ಎಂದು ಸನ್ನೆ ಮಾಡಿದರು. ನಾನು ನಾಲಿಗೆಯಿಂದ ಮೈಕಿನಲ್ಲಿ ಟಕ್, ಟಕ್, ಸರ್ರ್ ಎಂದು ಅವರವರ ಚಲನೆಗೆ ತಕ್ಕ ಸದ್ದು ಕೊಟ್ಟೆ. ಬಹಳ ಕರಾರುವಾಕ್ಕಾಗಿ ಕೊಟ್ಟೆ. ಆ ಮೈಗಳನ್ನು ನಾನು ಮೂರು ವರ್ಷ ಓದಿದ್ದೆನಲ್ಲ. ಬಯಲಿಗೆ ಬಯಲೇ ನಕ್ಕಿತು. ಹೊನ್ನವ್ವ ಮೂರನೆಯ ಮೆಟ್ಟಿಲಲ್ಲಿ ತಡೆದು, ತಲೆ ಎತ್ತಿ, ಸದ್ದು ಎಲ್ಲಿಂದ ಬರುತ್ತಿದೆಯೆಂದು ನೋಡಿದಳು. ನನ್ನನ್ನು ಕಂಡಳು. ಬೈಯಲಿಲ್ಲ. ಅವಳು ಬೈಯದೇ ಇದ್ದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ನನ್ನ ಬಗ್ಗೆ ನಾನು ಏನೇ ತಮಾಷೆ ಮಾಡಿಕೊಂಡರೂ ಇದೊಂದನ್ನು ತಮಾಷೆ ಮಾಡಲು ಬರುವುದಿಲ್ಲ. ಪ್ರಯತ್ನಿಸಿದ್ದೇನೆ.

ಸಂಘದ ಕಾಲು ಎಂಥದ್ದು? ಎಲ್ಲವೂ ಒಂದೇ ಉದ್ದ, ಎಲ್ಲಕ್ಕೂ ಗಂಡಸಿನ ಕರಿ ಬೂಟು. ತೊಡೆಯ ತನಕ ಬರುವ ಗಟ್ಟಿ ಕವಚ. ಮಂಡಿ ಮಡಚಿದರೆ ಕಚ್ಚುತ್ತದೆ. ನೆಲದಲ್ಲಿ ಕೂತು ಉಣ್ಣುವ, ಕೂತು ರೊಟ್ಟಿ ಬಡಿಯುವ, ಬಗ್ಗಿ ಸಸಿ ಊರುವ ಜನಕ್ಕೆ ಕುರ್ಚಿಯ ಮೇಲೆ ಕೂರುವವರ ಕಾಲು. ಹೊನ್ನವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, "ಈ ಬೂಟು ಹಾಕ್ಕೊಂಡು ನಾನೇನು ಪೊಲೀಸ್ ಆಗ್ಬೇಕೇನ್ರಿ?" ಎಂದು ಕೇಳಿದ್ದು ಮೈಕಿಗೆ ಬೀಳಲಿಲ್ಲ.

ಊಟಕ್ಕೆ ಉಪ್ಪಿಟ್ಟು, ಕೇಸರಿಬಾತು. ಉಪ್ಪಿಟ್ಟಿಗೆ ಸ್ವಲ್ಪ ಹೊಗೆಯ ವಾಸನೆ ಇತ್ತು. ಮಂತ್ರಿಗಳು ಬೆನ್ನು ತಟ್ಟಿದ್ದ ಹುಮ್ಮಸ್ಸಿನಲ್ಲಿ ನಾನು ಎರಡು ಸಲ ಹಾಕಿಸಿಕೊಂಡೆ. ಎರಡನೆಯದು ಮುಗಿಯುವ ಹೊತ್ತಿಗೆ ಮೇಸ್ತ್ರಿ ಬಂದ. ನಾನಿಲ್ಲದೆ ಒಬ್ಬನೇ ಹೊನ್ನವ್ವನ ಊರಿಗೆ ಹೋಗಿ, ಅವಳಿಲ್ಲವೆಂದು ತಿಳಿದು, ಅಲ್ಲಿಂದ ಬಂದಿದ್ದ. ಬಯಲಿನ ಅಂಚಿನಲ್ಲಿ ನಿಂತು ಗಾಳಿಗೆ ಮೂಗು ಎತ್ತಿದ. ಚರ್ಮವನ್ನು ಕಣ್ಣು ಮುಚ್ಚಿ ಮೂಸಿ ಬೆಲೆ ಹೇಳುವ ಮೂಗು ಅದು. ಯಾರನ್ನೂ ಮಾತಾಡಿಸದೆ ನೇರ ಅಡಿಗೆಯ ಕಡೆ ಹೋದ. ನಾನು ಬಾಳೆಲೆ ಬಿಟ್ಟು ಹಿಂದೆ ಓಡಿದೆ.

ಇಂಥ ಸಮಾರಂಭಗಳ ಒಲೆಗೆ ಗಿರಣಿಯಿಂದ ಗುಜರಿ ಕಟ್ಟಿಗೆ ಕಳಿಸುವುದು ನಮ್ಮಲ್ಲಿ ರೂಢಿ: ಮುರಿದ ಮಗ್ಗದ ಕೋಲು, ಹಳೆಯ ಪೆಟ್ಟಿಗೆ. ಮೇಸ್ತ್ರಿಯ ಕಾಲುಗಳೂ ಅದೇ ಕೋಲಿನವು. ಅದೇ ರಾಶಿಯ ಪಕ್ಕ ಒಟ್ಟಿದ್ದರು. ಅಡಿಗೆಯವನಿಗೆ ಎರಡೂ ಒಂದೇ.

"ಟೈರಿಂದು ಒಂದಿತ್ತು ನೋಡ್ರಿ, ಏನು ಚಲೋ ಉರೀತು ಅಂತೀರಿ!" ಎಂದ ಆ ಬಡಪಾಯಿ, ಹೆಮ್ಮೆಯಿಂದ.

ಒಲೆಯ ಬೂದಿಯಲ್ಲಿ ಕೊಂಡಿಗಳು ಕೆಂಪಗೆ ಬಿದ್ದಿದ್ದವು. ನಾನು ಪೆಂಡಾಲಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ತಿರುಗಿ ಬಂದಾಗ ಕಾರ್ಯದರ್ಶಿಗಳು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರಿ, ಹಳೇವು ಹೋದ್ವು. ಹೊಸಾವು ಕೊಟ್ಟೀವಲ್ಲ, ಬೂಟಿನ ಸಮೇತ" ಎನ್ನುತ್ತಿದ್ದರು. ಮೇಸ್ತ್ರಿ ಅವರ ಬಿಳಿ ಕೋಟಿನ ಮೇಲೆ ಉಗುಳಿದ. ಇದಕ್ಕೆ ಹೆಸರು ಕೊಡುವ ಅಗತ್ಯವಿಲ್ಲ. ಆ ಒಂದು ಉಗುಳಿಗೆ ಮರುದಿನದಿಂದಲೇ ಗಿರಣಿಯ ಗುಜರಿ ಕೋಣೆಯ ಬಾಗಿಲು ಆತನಿಗೆ ಮುಚ್ಚಿತು. ಮ್ಯಾನೇಜರು ಸಂಘದ ಉಪಾಧ್ಯಕ್ಷರು.

ಹಿಂದಿರುಗುವ ರೈಲಿನಲ್ಲಿ ಕೇಳಿದ: "ಹೆಸರು ಕೊಟ್ಟೋರು ಯಾರು?"

"ನಾನು."

"ಎಲ್ಲಾರ ಬಾಯೂ ನಿನ್ನ ಹತ್ರ ಐತೆ ಕಣಲೇ" ಎಂದ. "ನಿಂದು ಯಾವ್ದು?"

ನಾಟಿಗೆ ಉಳಿದದ್ದು ಮರುಸೋಮವಾರದ ತನಕ ಎಂಟು ದಿನ. ಮರವಿಲ್ಲ, ಬೆಲ್ಟಿಲ್ಲ. ಮಂಗಳವಾರ ನಾನು ರಜೆ ಹಾಕಿ ಹೊನ್ನವ್ವನ ಊರಿಗೆ ಹೋಗಿ ಬೂಟಿನ ಕಾಲನ್ನು ಕೇಳಿದೆ. ಅವಳು ಬಾಗಿಲಲ್ಲಿ ಕೂತಿದ್ದಳು. ಒಳಗಿನಿಂದ ಅತ್ತಿಗೆ ಪಾತ್ರೆ ಕುಕ್ಕುವ ಸದ್ದು. ಹೊನ್ನವ್ವ ಕಾಲನ್ನು ನನ್ನ ಮುಂದಕ್ಕೆ ತಳ್ಳಿ, "ಒಯ್ಯಿ. ದಾರ್ಯಾಗ ಯಾರಾರ ಸಿಕ್ರೆ ಟಕ್ ಟಕ್ ಅನ್ಸು" ಎಂದಳು. ನಾನು ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತುಳಿದೆ.

ಮೇಸ್ತ್ರಿ ಅದನ್ನು ಮಂಡಿಯ ಮೇಲಿಟ್ಟು ತಟ್ಟಿದ, ಮೂಸಿದ, ಬೂಟನ್ನು ಗರಗಸದಿಂದ ಕೊಯ್ದು ಹಿತ್ತಿಲಿಗೆ ಎಸೆದ. ನಾಯಿ ಬಂದು ಮೂಸಿ ನೋಡಿ ಹೊರಟುಹೋಯಿತು. ತೊಡೆಯ ಕವಚ ಕತ್ತರಿಸಿದ. ಉಳಿದ ಮರ ಒಳ್ಳೆಯದಿತ್ತು. "ಮರ ಏನು ತಪ್ಪು ಮಾಡೇತಿ" ಎಂದ. ಬೆಲ್ಟಿಗೆ ತನ್ನ ಸೊಂಟದ ಪಟ್ಟಿ ಬಿಚ್ಚಿದ. ಅಂದಿನಿಂದ ಕಡೆಯವರೆಗೂ ಚಡ್ಡಿಗೆ ಸೆಣಬಿನ ಹುರಿ. ಟೈರು ನಾನು ಲಾರಿ ಸ್ಟ್ಯಾಂಡಿನಲ್ಲಿ ಕಾಲು ಹಿಡಿದು ತಂದೆ. ದಿನವೂ ಪಾಳಿ ಮುಗಿದ ಮೇಲೆ ಹೊಂಡಕ್ಕೆ ಹೋಗಿ ನಡೆದೆ. ಒಗೆಯುವ ಹೆಂಗಸರು ಈ ಸಲವೂ ನಕ್ಕರು. ನಗಿಸಬೇಕೆಂದು ನಾನೇನೂ ಮಾಡಲಿಲ್ಲ, ಹೆಜ್ಜೆ ಎಣಿಸುತ್ತಿದ್ದೆ. ಉಳಿದ ಮೂವರಿಗೂ ಆತ ಆಮೇಲೆ ಕಾಲು ಮಾಡಲು ಹೊರಟ. ಇಬ್ಬರಿಗೆ ಆಯಿತು. ಪಂಕ್ತಿಯಲ್ಲಿ ಉಣ್ಣಬೇಕೆಂದಿದ್ದ ಮುದುಕನಿಗೆ ಆಗಲಿಲ್ಲ. ಬೆಲ್ಟು ಸಿಗುವಷ್ಟರಲ್ಲಿ ಮುದುಕ ತೀರಿಹೋಗಿದ್ದ.

ಭಾನುವಾರ ಹೊನ್ನವ್ವನಿಗೆ ಕಾಲು ಕಟ್ಟಿ ಬಂದೆವು. ನಾಟಿಯ ಎರಡನೆಯ ದಿನವೇ ಕಾರ್ಯದರ್ಶಿಗಳು ಫೋಟೋದವನನ್ನು ಕಾರಿನಲ್ಲಿ ಕೂರಿಸಿಕೊಂಡು, ದಾರಿ ತೋರಿಸಲು ನನ್ನನ್ನು ಗಿರಣಿಯಿಂದ ಕೇಳಿ ಪಡೆದು, ಆ ಊರಿಗೆ ಹೊರಟರು. ವಾರ್ಷಿಕ ವರದಿಗೆ 'ಫಲಾನುಭವಿಯು ಗ್ರಾಮದಲ್ಲಿ ಸಂತೋಷದಿಂದ' ಎಂಬ ಚಿತ್ರ ಬೇಕಿತ್ತು. ಗದ್ದೆಯಲ್ಲಿ ಹತ್ತು ಹೆಂಗಸರು ಸಾಲಾಗಿ ಬಗ್ಗಿದ್ದರು. ಹತ್ತೂ ಜನ ಮಂಡಿಯ ತನಕ ಕೆಸರಿನಲ್ಲಿ. ಒಂದೇ ಸಮ ಹಿಂದೆ ಸರಿಯುತ್ತಿದ್ದರು.

"ಇದ್ರಾಗ ಆಕಿ ಯಾರು?" ಎಂದರು ಕಾರ್ಯದರ್ಶಿಗಳು.

ನಾನು ನೋಡಿದೆ. ನನಗೆ ಗೊತ್ತಿತ್ತು, ಎಡದಿಂದ ನಾಲ್ಕನೆಯವಳು. "ತಿಳೀವಲ್ದ್ರಿ" ಎಂದೆ.

"ಅಮ್ಮಾ, ಸಂಘದಿಂದ ಕಾಲು ತಗೊಂಡೋರು ಯಾರು? ಸ್ವಲ್ಪ ಮ್ಯಾಲೆ ಬರ್ರಿ, ಫೋಟೋ!"

ಸಾಲಿನಿಂದ ಯಾರೂ ತಲೆ ಎತ್ತಲಿಲ್ಲ. ರುದ್ರವ್ವನ ದನಿ ಬಂತು: "ಸಾಲು ಕೆಡ್ತೈತೆ ಸಾವ್ಕಾರ್ರೇ. ಬೇಕಿದ್ರೆ ನೀವೇ ಇಳಿದು ಬರ್ರಿ." ಕಾರ್ಯದರ್ಶಿಗಳು ತಮ್ಮ ಬಿಳಿ ಪಂಚೆಯನ್ನೂ ಕೆಸರನ್ನೂ ನೋಡಿ, ಬದುವಿನ ಮೇಲಿಂದಲೇ ಒಂದು ಫೋಟೋ ಹೊಡೆಸಿ ಕಾರು ಹತ್ತಿದರು. ವರದಿಯಲ್ಲಿ ಆ ಚಿತ್ರ ಬಂತು. ಹತ್ತು ಬೆನ್ನುಗಳು, ಒಂದರ ಮೇಲೆ ಬಾಣದ ಗುರುತು. ತಪ್ಪು ಬೆನ್ನು.

ಆ ಸಂಜೆ ನಾನು ಹಾರಿಕೊಂಡು ಶಾಮನೂರಿಗೆ ಹೋಗಿ, ಎಲ್ಲವನ್ನೂ ದನಿ ಸಮೇತ ಹೇಳಿದೆ. ನಾನು ಬೊಟ್ಟು ಮಾಡದೆ ಹೇಗೆ ನಿಂತೆನೆಂಬುದನ್ನು ಎರಡು ಸಲ ಹೇಳಿದೆ. ಮೇಸ್ತ್ರಿ ಕೇಳುತ್ತಿದ್ದ, ದಬ್ಬಳದಿಂದ ಹಲ್ಲು ಕುಕ್ಕಿಕೊಳ್ಳುತ್ತ.

"ಮಧ್ಯಾಹ್ನ ರೊಟ್ಟಿಗೆ ಬದುವಿನ ಮ್ಯಾಲೆ ಕುಂತಾಗ ಆಕಿ ಕಾಲು ಬಿಚ್ಚಿದ್ಲಾ?" ಎಂದ.

"ಹಾಂ?"

"ಬಿಚ್ಚಿದ್ಲು ಅಂದ್ರೆ ಕಚ್ತಾ ಐತೆ ಅಂತ. ಬಿಚ್ಚಿದ್ಲಾ, ಇಲ್ಲಾ?"

"ಅಷ್ಟೊತ್ತು ನಾವು ಇರ್ಲಿಲ್ಲ..."

"ಹಂಗಾರೆ ಏನು ನೋಡ್ಕೊಂಡು ಬಂದಿಲೇ, ಮಂಗ್ಯಾ? ಹೋಗು, ನೋಡ್ಕೊಂಡು ಬಾ."

ಮರುದಿನ ಮತ್ತೆ ರಜೆ ಹಾಕಿದೆ. ಹರಿಹರದಿಂದ ಸೈಕಲ್ ತುಳಿದು, ಕಾಲುವೆಯ ಏರಿಯ ಮೇಲೆ ಒಂದು ಜಾಲಿಯ ಮರೆಯಲ್ಲಿ ಕೂತೆ. ಬಿಸಿಲು ನೆತ್ತಿಗೆ ಬಂದಾಗ ಹೆಂಗಸರು ಬದುವಿಗೆ ಹತ್ತಿ ಬುತ್ತಿ ಬಿಚ್ಚಿದರು. ಹೊನ್ನವ್ವ ಎಲ್ಲರ ನಡುವೆ ಎರ‍ಡೂ ಮಂಡಿ ಮಡಚಿ ಕುಕ್ಕುರುಗಾಲಲ್ಲಿ ಕೂತು, ರುದ್ರವ್ವನ ತಟ್ಟೆಯಿಂದ ಒಂದು ಮೆಣಸಿನಕಾಯಿ ಕಿತ್ತುಕೊಂಡಳು. ಏನೋ ಬೈದಳು, ಎಲ್ಲರೂ ನಕ್ಕರು. ರೊಟ್ಟಿ ಮುಗಿಯಿತು. ನೀರು ಕುಡಿದರು. ಎದ್ದು ಮತ್ತೆ ಕೆಸರಿಗೆ ಇಳಿದರು.

ಬಿಚ್ಚಿರಲಿಲ್ಲ.